ಮಳೆಮನೆಯ ಕೋಳಿಗಳು

ನಮ್ಮೂರಿನಲ್ಲಿ ಮಳೆ ಊರಿಗೆ ಬರುವುದಿಲ್ಲ, ಮನೆಗೆ ಬರುತ್ತದೆ. ಯಾರ ಮನೆಗೆ ಹೋಗಬೇಕೆಂದು ಅದಕ್ಕೆ ತೋರುತ್ತದೋ ಅವರ ಸೂರಿನ ಮೇಲೆ ನೆಂಟರ ಹಾಗೆ ಬಂದು ಕೂತುಬಿಡುತ್ತದೆ. ಮುಂಬಾಗಿಲಿನಿಂದ ಹಿತ್ತಲ ಗೋಡೆಯವರೆಗೆ ಮಳೆ, ಗೋಡೆಯಾಚೆ ಬಿಸಿಲು. ಬಂದ ನೆಂಟರನ್ನು ಯಾವಾಗ ಹೊರಡುತ್ತೀರಿ ಎಂದು ಕೇಳಲಾದೀತೇ? ಇದನ್ನೂ ಕೇಳುವ ಹಾಗಿಲ್ಲ. ಇದ್ದಷ್ಟು ದಿನ ಅದು ಮಳೆಮನೆ. ಅಕ್ಕಪಕ್ಕದವರು ಕೊಡ ತಂದು ಸೂರಿನ ನೀರು ಹಿಡಿದುಕೊಂಡು ಹೋಗುತ್ತಾರೆ, ಬದಲಿಗೆ ಒಣ ಸೌದೆ, ಒಣಗಿಸಿದ ಬಟ್ಟೆ ತಂದುಕೊಡುತ್ತಾರೆ. ಮಳೆಮನೆಯವರು ಏನು ಕೇಳಿದರೂ ಬೀದಿಯವರು ಇಲ್ಲ ಅನ್ನಬಾರದು. ಮಲಗಲು ಜಾಗವೊಂದನ್ನು ಮಾತ್ರ ಕೊಡಬಾರದು. ಮಳೆಮನೆಯ ಜೀವ, ಮನುಷ್ಯನೇ ಆಗಲಿ ದನವೇ ಆಗಲಿ, ಇನ್ನೊಬ್ಬರ ಮನೆಯಲ್ಲಿ ಒಂದು ರಾತ್ರಿ ನಿದ್ದೆ ಮಾಡಿತೋ, ಬೆಳಗಾಗುವಷ್ಟರಲ್ಲಿ ಮಳೆ ಅದನ್ನು ಹುಡುಕಿಕೊಂಡು ಆ ಮನೆಗೆ ಹೊರಟುಹೋಗುತ್ತದೆ.

ಇನ್ನೊಂದು ಪದ್ಧತಿಯೂ ಇತ್ತು. ಮಳೆಮನೆಯಲ್ಲಿ ಕೋಳಿ ಉಳಿಯುವುದಿಲ್ಲ ಎನ್ನುವುದು ನಮ್ಮಲ್ಲಿ ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿದ್ದ ಮಾತು. ಒಂದು ತೂಕಡಿಸುತ್ತದೆ, ಇನ್ನೊಂದು ಗೊರಗೊರ ಉಸಿರಾಡುತ್ತದೆ, ನೋಡನೋಡುತ್ತಿದ್ದಂತೆ ಗೂಡೇ ಖಾಲಿ. ಹೇಗಿದ್ದರೂ ಸಾಯುವ ಕೋಳಿ, ಸತ್ತು ತಿಪ್ಪೆಗೆ ಹೋಗುವ ಬದಲು ನಾಲ್ಕು ಜನರ ಹೊಟ್ಟೆಗಾದರೂ ಹೋಗಲಿ ಎಂದು, ಮಳೆ ಬಂದು ನೆಲೆಯಾದ ಕೂಡಲೇ ಅಷ್ಟನ್ನೂ ಕುಯ್ದು ಬೀದಿಗೆಲ್ಲ ಊಟ ಹಾಕಬೇಕು. ಅದಕ್ಕೆ ಮಳೆಸಾರು ಎಂದು ಹೆಸರು. ಮಳೆಸಾರಿಗೆಂದೇ ಬೀದಿಗೊಂದು ತಾಮ್ರದ ಕೊಪ್ಪರಿಗೆ ಇತ್ತು. ಯಾರ ಮನೆಯ ಮೇಲೆ ಮೋಡ ಕಪ್ಪಿಟ್ಟರೂ ಆ ಮನೆಯವರಿಗಿಂತ ಮುಂಚೆ ನಮ್ಮ ಬೀದಿಯ ಗಂಡಸರ ಬಾಯಲ್ಲಿ ನೀರೂರುತ್ತಿತ್ತು.

ನನ್ನ ಓರಗಿತ್ತಿ ಕೆಂಪಾಜಕ್ಕ ಬೇರೆ ಊರಿನಿಂದ ಬಂದವಳು. ನಾನು ಅವಳ ಮೈದುನನ ಹೆಂಡತಿ, ನಿಂಗಾಜಿ; ಇಬ್ಬರ ಮದುವೆಯೂ ಒಂದೇ ಚಪ್ಪರದಲ್ಲಿ ಆದದ್ದು. ಗೋಡೆಯ ಈಚೆ ನನ್ನ ಮನೆ, ಆಚೆ ಅವಳದು, ಅವಳ ಇನ್ನೊಂದು ಮಗ್ಗುಲಿಗೆ ಬೀದಿಯ ಯಜಮಾನರಾದ ದೊಡ್ಡೀರಪ್ಪನವರದು. ಕೆಂಪಾಜಕ್ಕನ ತವರಿನಲ್ಲಿ ಮಳೆ ಬಂದರೆ ಎಲ್ಲರ ಮನೆಯ ಮೇಲೂ ಒಟ್ಟಿಗೇ ಬರುತ್ತದಂತೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಹಾಗೆಂದಾಗ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದರು. ಬಡವರು ಸಾಹುಕಾರರು ಅನ್ನದೆ ಎಲ್ಲರ ಮೇಲೂ ಒಂದೇ ಸಲ ಸುರಿಯುವುದಕ್ಕೆ ಮಳೆಗೇನು ಮಾನ ಮರ್ಯಾದೆ ಇಲ್ಲವೇ? ಸುಳ್ಳು ಹೇಳುವುದಕ್ಕೂ ಒಂದು ಲೆಕ್ಕ ಬೇಡವೇ ಎಂದು ನನ್ನ ಅತ್ತೆ ಗದರಿದ್ದರು. ಅಲ್ಲಿ ಮಳೆಗಾಲದಲ್ಲೂ ಕೋಳಿ ಇರುತ್ತವೆ ಎಂದು ಅವಳು ಹೇಳಿದ್ದನ್ನಂತೂ ಯಾರೂ ಕಿವಿಗೇ ಹಾಕಿಕೊಳ್ಳಲಿಲ್ಲ.

ತವರಿನಿಂದ ಬರುವಾಗ ಅವಳವ್ವ ಮಡಿಲಕ್ಕಿಯ ಜೊತೆಗೆ ಒಂದು ಚುಕ್ಕೆಚುಕ್ಕೆಯ ಹೇಂಟೆಯನ್ನೂ ಅದರ ಮರಿಗಳನ್ನೂ ಮಂಕರಿಯಲ್ಲಿ ಮುಚ್ಚಿ ಕಳಿಸಿದ್ದಳು. ಅದೇ ವರ್ಷ ಮಳೆ ಅವರ ಮನೆಗೆ ಬಂತು. ಅತ್ತೆ ಕತ್ತಿ ಮಸೆದರು. ಹೊಸ ಸೊಸೆ ತನ್ನ ತವರಿನ ಕೋಳಿಯನ್ನು ತಾನೇ ಎಲೆಗೆ ಬಡಿಸಿದಳು, ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ. ಆದರೆ ಹಿಂದಿನ ಸಂಜೆಯೇ ಆ ಹೇಂಟೆಯ ನಾಲ್ಕು ಮೊಟ್ಟೆಗಳನ್ನು ಮಡಿಲಲ್ಲಿ ಬಚ್ಚಿಟ್ಟು ತಂದು ನಮ್ಮ ಮನೆಯ ಕಾವು ಕೋಳಿಯ ಕೆಳಗೆ ಇಟ್ಟಿದ್ದಳು. ಮೊಟ್ಟೆ ನಿದ್ದೆ ಮಾಡುವುದಿಲ್ಲವಲ್ಲ, ಮಳೆ ಹಿಂದೆ ಬರಲಿಲ್ಲ. ಅಲ್ಲಿಂದ ಬೆಳೆದ ಸಂತಾನ ಅವಳ ಹಿತ್ತಲು ತುಂಬಿತು. ಅವಳವ್ವ ತೀರಿಕೊಂಡು ಎಷ್ಟೋ ವರ್ಷವಾಯಿತು. ತವರಿನದು ಅಂತ ಅವಳ ಹತ್ತಿರ ಉಳಿದದ್ದು ಈ ಕೋಳಿಗಳೇ. ಅದರಲ್ಲೂ ಒಂದು ಹೇಂಟೆ ಅಚ್ಚು ಆ ಮೊದಲ ತಾಯಿಯ ಹಾಗೇ ಚುಕ್ಕೆಚುಕ್ಕೆಯಾಗಿ ಹುಟ್ಟಿತ್ತು. ಚುಕ್ಕಿ ಎಂದೇ ಕರೆಯುತ್ತಿದ್ದಳು. ಮಹಾ ಮೊಂಡು. ಉಳಿದವೆಲ್ಲ ಸಂಜೆಗೆ ಗೂಡು ಸೇರಿದರೆ ಇದು ಬಚ್ಚಲುಮನೆಯ ತೊಲೆ ಹತ್ತಿ ಕೂರುತ್ತಿತ್ತು.

ಈ ವರ್ಷ ಮಳೆ ಮತ್ತೆ ಅವಳ ಮನೆಗೆ ಬಂತು. ನಾನು ಹಪ್ಪಳ ಒಣಹಾಕುತ್ತಿದ್ದೆ, ಗೋಡೆಯಾಚೆ ಜೋರಾಗಿ ಸುರಿಯಿತು. ಅವಳ ಹಿತ್ತಲು ನೆನೆಯುವಷ್ಟರಲ್ಲಿ ದೊಡ್ಡೀರಪ್ಪನವರು ಇಬ್ಬರು ಆಳುಗಳ ಹೆಗಲ ಮೇಲೆ ಕೊಪ್ಪರಿಗೆ ಹೊರಿಸಿಕೊಂಡು ಬಂದು ಅವಳ ಜಗಲಿಯ ಮೇಲೆ ಇಳಿಸಿದರು. ಅವರ ಮನೆಗೆ ಮಳೆ ಬಂದು ಯಾವ ಕಾಲವಾಗಿತ್ತೋ. ತಮ್ಮ ತಟ್ಟೆಯ ಮುದ್ದೆಯನ್ನೇ ಕಿತ್ತು ತಿನ್ನಿಸಿ ಬೆಳೆಸಿದ ಹುಂಜವೊಂದು ಅವರ ಬೆನ್ನ ಹಿಂದೆಯೇ ಓಡಾಡುತ್ತಿತ್ತು, ಅವತ್ತೂ ಬೀದಿಯ ಬಿಸಿಲಲ್ಲಿ ನಿಂತು ಕತ್ತು ಓರೆ ಮಾಡಿ ನೋಡುತ್ತಿತ್ತು. ಕೆಂಪಾಜಕ್ಕ ಬಾಗಿಲಿಗೆ ಬಂದು, ಈ ಸಲ ಕುಯ್ಯುವುದಿಲ್ಲ ಅಂದಳು. ಅವರು ನಕ್ಕರು. ಇವಳು ನಗಲಿಲ್ಲ.

“ನೋಡಿ ಯಜಮಾನ್ರೇ,” ಅಂದಳು. “ಮಳೆ ಹೋಗೋದ್ರೊಳಗೆ ಒಂದೇ ಒಂದು ಕೋಳಿ ಕಮ್ಮಿಯಾದ್ರೂ ಉಳಿದಿದ್ದನ್ನೆಲ್ಲ ನಾನೇ ಕುಯ್ದು, ನಾನೇ ಅರೆದು, ನಾನೇ ಬಡಿಸ್ತೀನಿ. ಒಂದೂ ಕಮ್ಮಿಯಾಗದಿದ್ರೆ, ಇನ್ಮೇಲೆ ಈ ಬೀದೀಲಿ ಮಳೆಸಾರು ಅನ್ನೋ ಮಾತು ಇರಬಾರದು.”

“ಆಗಲಿ ಕಣವ್ವ,” ಅಂದರು ದೊಡ್ಡೀರಪ್ಪನವರು, ಬೀದಿಯವರಿಗೆಲ್ಲ ಕೇಳುವ ಹಾಗೆ. “ಕೊಪ್ಪರಿಗೆ ಇಲ್ಲೇ ಇರ್ತದೆ. ಮತ್ತೆ ಹೊತ್ಕೊಂಡು ಬರೋ ಶ್ರಮ ಯಾಕೆ?”

ಅವಳ ಗಂಡ, ನಮ್ಮ ಭಾವ ಮರಿಸಿದ್ದಪ್ಪ, ಸಾಧು ಮನುಷ್ಯ, ತಲೆ ಮೇಲೆ ಕೈ ಹೊತ್ತು ಕೂತರು. ಸೋತರೆ ಅವಳ ಹಿತ್ತಲಲ್ಲಿ ತವರಿನ ಒಂದು ಪುಕ್ಕವೂ ಉಳಿಯುವುದಿಲ್ಲ.

ಇಷ್ಟು ಧೈರ್ಯದ ಮಾತಾಡಿದವಳು ಮಾಡಿದ್ದು ಮಾತ್ರ ಎಲ್ಲರೂ ಮಾಡುವುದನ್ನೇ. ಒಂದು ಹನಿ ನೀರು, ಒಂದು ಎಳೆ ಗಾಳಿ ಒಳಗೆ ಹೋಗಬಾರದೆಂದು ಕೋಳಿಗಳನ್ನು ಗೂಡಿಗೆ ತುಂಬಿ, ಸಂದುಗೊಂದಿಗೆಲ್ಲ ಗೋಣಿಚೀಲ ತುರುಕಿ, ಮೇಲೆ ಟಾರ್ಪಾಲು ಹೊದಿಸಿ ಕಟ್ಟಿದಳು. ಬಾಣಂತಿಯನ್ನು ನೋಡಿಕೊಂಡಂತೆ ನೋಡಿಕೊಂಡಳು. ಎರಡು ದಿನ ಕಳೆದ ಮೇಲೆ ಟಾರ್ಪಾಲು ಸರಿಸಿದಾಗ ನಾನೂ ಪಕ್ಕದಲ್ಲಿದ್ದೆ. ಒಳಗಿನ ನಾತಕ್ಕೆ ಕಣ್ಣು ಉರಿದು ನೀರು ಬಂತು. ಗೂಡಿನ ಗೋಡೆ ಬೆವರಿತ್ತು. ಮೇಲಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ಕೋಳಿಗಳೆಲ್ಲ ಪುಕ್ಕ ಕೆದರಿಕೊಂಡು ಕಣ್ಣು ಮುಚ್ಚಿ ನಿಂತಿದ್ದವು, ಕೆಂಪು ಹೇಂಟೆಯೊಂದು ಬಾಯಿ ತೆರೆದು ಗೊರಗೊರ ಎನ್ನುತ್ತಿತ್ತು. ಕೆಂಪಾಜಕ್ಕ ಅದನ್ನು ಎತ್ತಿ ಎದೆಗೊತ್ತಿಕೊಂಡಳು. ಮದುವೆಯ ವರ್ಷ ಅಳದಿದ್ದವಳು ಅವತ್ತು ನನ್ನ ಮುಂದೆ ಗೊಳೋ ಎಂದು ಅತ್ತಳು. ನಾನು ಅವಳ ಬೆನ್ನು ಸವರಿದೆ.

ಆಗ ಬಚ್ಚಲುಮನೆಯಿಂದ ಕೊಕ್ಕೊಕ್ಕೋ ಎನ್ನುತ್ತ ಚುಕ್ಕಿ ಇಳಿದು ಬಂತು. ಅದು ಗೂಡಿಗೆ ಸೇರಲು ಒಪ್ಪದೆ ಆ ಎರಡು ದಿನವೂ ತೊಲೆಯ ಮೇಲೆಯೇ ಕಳೆದಿತ್ತು. ಹೊಳೆಯುವ ಪುಕ್ಕ, ಕೆಂಪು ಜುಟ್ಟು, ಗರ್ವ ಬೇರೆ. ಕೆಂಪಾಜಕ್ಕ ಕಣ್ಣೊರೆಸಿಕೊಂಡು ಅದನ್ನೇ ನೋಡಿದಳು. ಆಮೇಲೆ ಎದ್ದು ಹೋಗಿ ಬಚ್ಚಲುಮನೆಯ ಸೂರು ನೋಡಿದಳು. ಗೋಡೆಗೂ ಹೆಂಚಿಗೂ ನಡುವೆ ಒಂದು ಮೊಳ ಬಯಲು. ಒಲೆಯ ಹೊಗೆ ಅಲ್ಲಿಂದ ಹೋಗುತ್ತದೆ, ಗಾಳಿ ತಲೆಯ ಮೇಲಿನಿಂದ ಹಾದುಹೋಗುತ್ತದೆ, ಕೆಳಗೆ ಒಣ ಬೂದಿಯ ಗುಡ್ಡೆ. “ನಿಂಗಿ,” ಅಂದಳು ಮೆಲ್ಲಗೆ, “ನಮ್ಮವ್ವನ ಕೋಳಿಗೂಡಿಗೂ ಮೇಲುಗಡೆ ಹಿಂಗೇ ಗೋಡೆ ಇರಲಿಲ್ಲ ಕಣೇ. ಬಡತನ, ಇಟ್ಟಿಗೆ ಸಾಲದೆ ಬಿಟ್ಟಿದ್ದಾರೆ ಅಂದ್ಕೊಂಡಿದ್ದೆ ನಾನು.”

ಆ ಮಾತು ಬಾಯಿಂದ ಬಿದ್ದದ್ದೇ ತಡ, ಹಾರೆ ತಗೊಂಡಳು. ಸುರಿಯುವ ಮಳೆಯಲ್ಲಿ ಗೂಡಿನ ಗೋಡೆಯ ಮೇಲಿನ ಸಾಲು ಇಟ್ಟಿಗೆಗಳನ್ನು ಒಂದೊಂದಾಗಿ ಕೆಡವಿದಳು. ಭಾವ ಹೊರಗೆ ಓಡಿ ಬಂದು, ಮಳೆ ಬರುವಾಗ ಯಾರಾದರೂ ಗೋಡೆ ಕಟ್ಟುತ್ತಾರೆ, ಕೆಡವುತ್ತಾರೇನೇ ಎಂದು ಗೋಳಾಡಿದರು. ಒಳಗೆ ನೆನೆದದ್ದು ಹೊರಗಿನ ನೀರಿನಿಂದಲ್ಲ, ಕೋಳಿಗಳ ಉಸಿರಿನಿಂದಲೇ, ಅದು ಹೊರಗೆ ಹೋಗುವುದಕ್ಕೆ ದಾರಿ ಬೇಡವೇ ಎಂದು ಅವಳು ಕೇಳಿದಳು. ಪಕ್ಕದ ಗೋಡೆಯಿಂದ ಇಣುಕಿದ ದೊಡ್ಡೀರಪ್ಪನವರು, ಪಾಪ, ಮಳೆಸಾರಿಗೆ ಮೆಣಸು ಹುರಿದಿಡು ಎಂದು ತಮ್ಮ ಹೆಂಡತಿ ಸಾಕವ್ವನಿಗೆ ಕೂಗಿ ಹೇಳಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವ ಜಾತಿ!

ಕೆಡವಿದ ಜಾಗಕ್ಕೆ ಕೆಂಪಾಜಕ್ಕ ಎರಡು ತೆಂಗಿನ ಗರಿ ಇಳಿಬಿಟ್ಟಳು, ಎರಚಲು ಒಳಗೆ ಹೊಡೆಯದಿರಲೆಂದು. ಕೋಳಿ ಕೂರುವ ಮಟ್ಟದಲ್ಲಿ ಗೋಡೆ ಗೋಡೆಯಾಗಿಯೇ ಇತ್ತು. ನೆಲದಿಂದ ಮೇಲಕ್ಕೆ ಬಿದಿರಿನ ಗಳ ಕಟ್ಟಿ, ಕೋಳಿಗಳು ಹಸಿಯಲ್ಲಿ ನಿಲ್ಲದೆ ಮೇಲೆ ಕೂರುವಂತೆ ಮಾಡಿದಳು. ಆಮೇಲೆ ಬಾಗಿಲಿಗೆ ಬಂದು ನಿಂತು ಬೀದಿಯವರನ್ನು ಕೇಳಿದಳು: ನನಗೆ ಸೌದೆ ಬೇಡ, ಬೂದಿ ಕೊಡಿ. ಭತ್ತದ ಹೊಟ್ಟು ಕೊಡಿ. ಜನ ಮುಖಮುಖ ನೋಡಿಕೊಂಡರು. ಮಳೆಮನೆಯವರು ಬೂದಿ ಕೇಳಿದ್ದು ಯಾರೂ ಕಂಡವರಿಲ್ಲ. ಆದರೆ ಇಲ್ಲ ಅನ್ನುವ ಹಾಗಿಲ್ಲವಲ್ಲ. ಮನೆಮನೆಯ ಒಲೆಯ ಬೂದಿಯೂ ಮೊರದಲ್ಲಿ, ಬುಟ್ಟಿಯಲ್ಲಿ, ಸೆರಗು ಮುಚ್ಚಿಕೊಂಡು ಅವಳ ಬಾಗಿಲಿಗೆ ಬಂತು. ಸಾಕವ್ವನೂ ಒಂದು ಬುಟ್ಟಿ ತಂದಳು, ಗಂಡನ ಮುಖ ನೋಡದೆ. ನಾನು ಗೋಡೆಯ ಮೇಲಿನಿಂದ ಹೊಟ್ಟಿನ ಮೂಟೆಗಳನ್ನು ದಾಟಿಸಿ ದಾಟಿಸಿ ಮೈಯೆಲ್ಲ ಕೆರೆದುಕೊಂಡೆ. ನೆಲಕ್ಕೆ ದಪ್ಪಗೆ ಹೊಟ್ಟು, ಮೂಲೆಯಲ್ಲಿ ಬೂದಿ. ಬೂದಿ ಕಂಡ ಕೋಳಿಗಳು ಬಿದ್ದು ಹೊರಳಾಡಿ, ರೆಕ್ಕೆ ಬಡಿದು, ಗೂಡನ್ನೆಲ್ಲ ಮಂಜು ಮಾಡಿದವು. ಕೆಂಪು ಹೇಂಟೆಯನ್ನು ಮಾತ್ರ ಅವಳು ಬಚ್ಚಲ ಒಲೆಯ ಹತ್ತಿರ ಮಂಕರಿಯಲ್ಲಿಟ್ಟು, ಬೆಳ್ಳುಳ್ಳಿ ಹಾಕಿದ ಬೆಚ್ಚನೆಯ ಗಂಜಿಯನ್ನು ಹನಿಹನಿಯಾಗಿ ಬಾಯಿಗೆ ಬಿಟ್ಟಳು. ಮೂರು ಹೊತ್ತೂ ಅದೇ ಕೆಲಸ. ಗೊರಗೊರ ನಿಂತು ಅದು ತಾನಾಗಿ ನುಚ್ಚು ಕುಕ್ಕಿದಾಗ ಗೋಡೆಯ ಮೇಲಿನಿಂದ ನನ್ನನ್ನು ಕೂಗಿ ಕರೆದು ತೋರಿಸಿದಳು.

ಮಳೆಯೂ ಸುಮ್ಮನಿರುವ ನೆಂಟನಲ್ಲ. ಬೆಳಿಗ್ಗೆ ಜಿಟಿಜಿಟಿ, ಮಧ್ಯಾಹ್ನ ಆಲಿಕಲ್ಲು, ಇಳಿಹೊತ್ತಿಗೆ ಮೋಡದ ಸಂದಿಯಿಂದ ಬೇಯಿಸುವ ಬಿಸಿಲು, ದೀಪ ಹಚ್ಚುವಷ್ಟರಲ್ಲಿ ಹಲ್ಲು ಕಟಕಟಿಸುವ ಗಾಳಿ. ಕೆಂಪಾಜಕ್ಕ ಅದರ ಒಂದೊಂದು ವರಸೆಗೂ ಒಂದೊಂದು ಪಟ್ಟು ಹಾಕಿದಳು. ನೆನೆದ ಕಾಳು ಸಂಜೆಗೆ ಹುಳಿ ಬರುತ್ತದೆಂದು ಮುಷ್ಟಿಮುಷ್ಟಿಯಾಗಿಯೇ ಹಾಕಿ, ಉಳಿದದ್ದನ್ನು ಬಳಿದು ತೆಗೆಯುತ್ತಿದ್ದಳು. ಹೊರಗೆ ಹೋಗಲಾರದ ಕೋಳಿಗಳು ಬೇಸರಕ್ಕೆ ಒಂದನ್ನೊಂದು ಕುಕ್ಕತೊಡಗಿದಾಗ ನುಗ್ಗೆಸೊಪ್ಪಿನ ಕಟ್ಟನ್ನು ಎಟುಕಿಯೂ ಎಟುಕದ ಎತ್ತರಕ್ಕೆ ನೇತುಹಾಕಿದಳು. ಅವು ಹಾರಿ ಹಾರಿ ಸೊಪ್ಪು ಕೀಳುವುದರಲ್ಲಿ ಜಗಳ ಮರೆತವು. ಕೆಸರಿನ ಮೇಲೆ ಕೆಡವಿದ ಇಟ್ಟಿಗೆಗಳನ್ನೇ ಸಾಲಾಗಿ ಹಾಸಿದಳು. ಜಿಟಿಜಿಟಿ ಮಳೆಯಲ್ಲಿ ಕೋಳಿಗಳು ಆ ಇಟ್ಟಿಗೆಗಳ ಮೇಲೆ ಒಂದರ ಹಿಂದೊಂದು ನಡೆದು ಬೇಲಿಯವರೆಗೆ ಹೋಗಿ, ಹುಳ ಹೆಕ್ಕಿ, ಜೋರಾದರೆ ಓಡಿ ಬಂದು ಬೂದಿಯಲ್ಲಿ ಹೊರಳುತ್ತಿದ್ದವು. ನೋಡಿದರೆ ಅವಕ್ಕೆ ಮಳೆಯ ಭಯವೇ ಇರಲಿಲ್ಲ. ಭಯವೆಲ್ಲ ನಮ್ಮದೇ ಆಗಿತ್ತು!

ಒಂದು ಮುಂಜಾನೆ ಧೋ ಎಂದು ಸುರಿಯುವ ಮಳೆಯೊಳಗಿನಿಂದ ಅವಳ ಹುಂಜ ಕೂಗಿತು. ನಾನು ಹಾಸಿಗೆಯಿಂದ ಎದ್ದು ಕೂತೆ. ಮಳೆಮನೆಯಿಂದ ಹುಂಜ ಕೂಗಿದ್ದನ್ನು ಈ ಊರಿನಲ್ಲಿ ಯಾವ ಮುದುಕರೂ ಕೇಳಿರಲಿಲ್ಲ. ಬೀದಿಯ ಬಾಗಿಲುಗಳೆಲ್ಲ ತೆರೆದವು, ಜನ ಬಿಸಿಲಲ್ಲಿ ನಿಂತು ಮಳೆಯ ಕಡೆಗೆ ಕಿವಿ ಕೊಟ್ಟರು. ಅದು ಮತ್ತೆ ಕೂಗಿತು. ಆಮೇಲೆ ಬೇರೆ ಬೀದಿಗಳಿಂದಲೂ ಹೆಂಗಸರು ಬಂದು ಗೋಡೆ ಕೆಡವಿದ ಗೂಡು ನೋಡಿಕೊಂಡು ಹೋಗತೊಡಗಿದರು. ದೊಡ್ಡೀರಪ್ಪನವರೂ ದಿನಾ ಬಂದು ಕೋಳಿ ಎಣಿಸುತ್ತಿದ್ದರು, ಮೀಸೆ ತಿರುವುವುದು ಮಾತ್ರ ದಿನದಿನಕ್ಕೆ ಕಡಿಮೆಯಾಯಿತು. ಜಗಲಿಯ ಮೇಲಿನ ಕೊಪ್ಪರಿಗೆಯಲ್ಲಿ ಸೂರಿನ ನೀರು ತುಂಬಿ ತುಳುಕಿತ್ತು.

ಮಳೆ ಮೊಂಡು ಎತ್ತಿನ ಹಾಗೆ ಕಾಲೂರಿ ನಿಂತಿತ್ತು. ತಿಂಗಳು ತುಂಬುತ್ತ ಬಂದರೂ ಹೊರಡುವ ಲಕ್ಷಣವಿಲ್ಲ. ಕೆಂಪಾಜಕ್ಕ ಇಳಿದುಹೋಗಿದ್ದಳು. ಅವಳನ್ನು ನೋಡಿ ನೋಡಿ ಭಾವನಿಗೂ ತಾನೇನಾದರೂ ಮಾಡಬೇಕೆನಿಸಿತು. ಒಂದು ಸಂಜೆ ಗಾಳಿ ಬಲವಾಗಿ ಬೀಸುತ್ತಿತ್ತು. ತೊಲೆಯ ಮೇಲೆ ಕೂರುವ ಚುಕ್ಕಿಗೆ ಎಲ್ಲಿ ಥಂಡಿಯಾಗಿಬಿಡುತ್ತದೋ ಎಂದು, ಹೆಂಡತಿ ಒಳಗೆ ಒಲೆ ಹಚ್ಚುತ್ತಿದ್ದಾಗ, ಬಚ್ಚಲುಮನೆಯ ಸೂರಿನ ಸಂದಿಗೆ ಗೋಣಿಚೀಲ ತುರುಕಿ ಬಾಗಿಲು ಭದ್ರವಾಗಿ ಹಾಕಿ ಬಂದರು. ಚುಕ್ಕಿ ಒಳಗಿದೆ ಅಂದುಕೊಂಡಿದ್ದರು. ಅದು ಇನ್ನೂ ಹೊರಗೆ ಬೇಲಿಯ ಹತ್ತಿರ ಇತ್ತು. ಪುಣ್ಯಾತ್ಮ ಯಾರಿಗೂ ಹೇಳಲಿಲ್ಲ, ಬೆಳಿಗ್ಗೆ ಹೇಳಿ ಶಭಾಷ್ ಅನ್ನಿಸಿಕೊಳ್ಳೋಣ ಎಂದು ಮಲಗಿಬಿಟ್ಟರು.

ಬೆಳಿಗ್ಗೆ ಎದ್ದರೆ ಕೆಂಪಾಜಕ್ಕನ ಹಿತ್ತಲ ಮೇಲೆ ಬಿಸಿಲು! ತೊಳೆದಿಟ್ಟ ಹಾಗಿತ್ತು ಆಕಾಶ. ನಾನು ಗೋಡೆ ದಾಟಿಯೇ ಓಡಿದೆ. ಬೀದಿಗೆ ಬೀದಿಯೇ ಅಲ್ಲಿ ಸೇರಿತು. ದೊಡ್ಡೀರಪ್ಪನವರು ಎದ್ದ ಮುಖದಲ್ಲೇ ಟವೆಲು ಹೆಗಲಿಗೆ ಹಾಕಿಕೊಂಡು ಬಂದರು. ಕೆಂಪಾಜಕ್ಕ ಗೂಡಿನ ಬಾಗಿಲು ತೆರೆದಳು. ಹುಂಜ ಮುಂದಾಗಿ, ಹೇಂಟೆಗಳು ಹಿಂದಾಗಿ, ಕೊನೆಗೆ ಆ ಕೆಂಪು ಹೇಂಟೆಯೂ ದಿಬ್ಬಣದ ಹಾಗೆ ಬಿಸಿಲಿಗೆ ಇಳಿದವು. ಯಜಮಾನರು ಬೆರಳು ಮಾಡಿ ಎಣಿಸಿದರು. ಮತ್ತೊಮ್ಮೆ ಎಣಿಸಿದರು.

“ಒಂದು ಕಮ್ಮಿ,” ಅಂದರು.

ಕೆಂಪಾಜಕ್ಕ ನಗುತ್ತ, ಚುಕ್ಕಿ ಬಚ್ಚಲಲ್ಲಿದೆ ಎಂದು ಹೋಗಿ ಬಾಗಿಲು ತೆಗೆದಳು. ತೊಲೆ ಖಾಲಿ. ಸೂರಿನ ಸಂದಿಯಲ್ಲಿ ಗೋಣಿಚೀಲ. ಅವಳು ತಿರುಗಿ ಗಂಡನನ್ನು ನೋಡಿದಳು. ಭಾವ ನಾಲಿಗೆ ಕಚ್ಚಿಕೊಂಡು, ಥಂಡಿಯಾಗದಿರಲಿ ಅಂತ ಮುಚ್ಚಿದೆ, ಒಳಗೇ ಇದೆ ಅಂದುಕೊಂಡೆ ಎಂದು ತೊದಲಿದರು. ಮೂಲೆಮೂಲೆ, ತಿಪ್ಪೆ, ಬೇಲಿ, ಸೌದೆಯ ಒಟ್ಟಿಲು ಎಲ್ಲ ಹುಡುಕಿದೆವು. ಒಂದು ಪುಕ್ಕವೂ ಸಿಗಲಿಲ್ಲ. ಕೆಂಪಾಜಕ್ಕ ಅಂಗಳದ ನಡುವೆ ನಿಂತುಬಿಟ್ಟಳು. ಅವಳ ಮುಖ ನೋಡಲಾಗದೆ ನಾನು ನೆಲ ನೋಡಿದೆ. ದೊಡ್ಡೀರಪ್ಪನವರ ಕೈ ಮೀಸೆಯ ಮೇಲೆ ಬಂತು. ಯಾರೋ ಕೊಪ್ಪರಿಗೆಯ ನೀರು ಚೆಲ್ಲಿದ ಸದ್ದು ಕೇಳಿಸಿತು. ಮಾತು ಮಾತೇ, ಕೊಟ್ಟ ಮೇಲೆ ತಪ್ಪುವವಳಲ್ಲ ಅವಳು. ಗೂಡಿನ ಕಡೆ ನೋಡದೆ, ಒಳಗಿನಿಂದ ಕತ್ತಿ ತಂದುಕೊಡು ಎಂದು ನನಗೇ ಹೇಳಿದಳು. ನಾನು ಹೊಸಿಲವರೆಗೆ ಹೋಗಿ ತಿರುಗಿ ನೋಡಿದೆ.

ಅಷ್ಟರಲ್ಲಿ ಪಕ್ಕದ ಮನೆಯಿಂದ ಸಾಕವ್ವನ ಕೂಗು ಕೇಳಿಸಿತು. “ಅಯ್ಯೋ, ಬನ್ನಿ ಇಲ್ಲಿ! ನಮ್ಮನೆ ಮೇಲೆ ಮಳೆ!”

ಎಲ್ಲರೂ ತಲೆಯೆತ್ತಿ ನೋಡಿದೆವು. ಹೌದು, ದೊಡ್ಡೀರಪ್ಪನವರ ಹೆಂಚಿನ ಮೇಲೆ ಮಾತ್ರ ಮೋಡ ಎಮ್ಮೆಯ ಹಾಗೆ ಮಲಗಿತ್ತು, ಮೊದಲ ಹನಿಗಳು ತಟಪಟ ಬೀಳುತ್ತಿದ್ದವು. ಮಳೆ ಹಾಗೆ ಪಕ್ಕದ ಮನೆಗೆ ಸುಮ್ಮಸುಮ್ಮನೆ ಹಾರುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಮಳೆಮನೆಯ ಯಾವುದೋ ಜೀವ ಅಲ್ಲಿ ರಾತ್ರಿ ನಿದ್ದೆ ಮಾಡಿರಬೇಕು. ಕೆಂಪಾಜಕ್ಕನಿಗೆ ಮೊದಲು ಹೊಳೆಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು, ಹಿಂದೆ ನಾನು, ನನ್ನ ಹಿಂದೆ ಇಡೀ ಬೀದಿ. ದೊಡ್ಡೀರಪ್ಪನವರ ಅಟ್ಟದ ಮೇಲೆ, ಅವರ ಹಬ್ಬದ ಪೇಟದ ಮೇಲೆಯೇ, ಚುಕ್ಕಿ ಕೂತಿತ್ತು. ತನ್ನ ತೊಲೆಗೆ ದಾರಿ ಇಲ್ಲವೆಂದು ಮುನಿಸಿಕೊಂಡು ಗೋಡೆ ಹಾರಿ ಬಂದು, ಬೀದಿಗೆ ಯಜಮಾನರಾದವರ ಮನೆಯನ್ನೇ ಆರಿಸಿಕೊಂಡಿತ್ತು. ನಮ್ಮನ್ನು ಕಂಡು ಎದ್ದು ಮೈ ಕೊಡವಿತು. ಪೇಟದ ಮಡಿಕೆಯಲ್ಲಿ ಬೆಚ್ಚಗೆ ಒಂದು ಮೊಟ್ಟೆ.

ಆ ನಗು! ನಮ್ಮ ಬೀದಿ ಅಷ್ಟು ನಕ್ಕದ್ದನ್ನು ನಾನು ಹಿಂದೆ ಕಂಡಿರಲಿಲ್ಲ. ಗೋಡೆಗೊರಗಿಕೊಂಡು ನಕ್ಕರು, ಮಳೆಯಲ್ಲಿ ನೆನೆಯುತ್ತ ನಕ್ಕರು. ಭಾವ ತಾನೇ ಉಪಾಯ ಮಾಡಿದವನ ಹಾಗೆ ಎದೆಯುಬ್ಬಿಸಿ ನಿಂತರು, ಅದಕ್ಕೂ ನಕ್ಕೆವು. ಕೆಂಪಾಜಕ್ಕ ಚುಕ್ಕಿಯನ್ನು ಕಂಕುಳಿಗೆ ಇರುಕಿಕೊಂಡು, “ಎಣಿಸಿಕೊಳ್ಳಿ ಯಜಮಾನ್ರೇ, ಈಗ ಸರಿಹೋಯ್ತಾ?” ಅಂದಳು. ನಗುತ್ತಲೇ ಅಂದಳು, ಕಣ್ಣಿಂದ ಮಾತ್ರ ನೀರು ಇಳಿಯುತ್ತಿತ್ತು.

ದೊಡ್ಡೀರಪ್ಪನವರು ತಮ್ಮ ಅಂಗಳವನ್ನು ನೋಡುತ್ತಿದ್ದರು. ಅಲ್ಲಿ ಅವರ ಹುಂಜ ಜೀವಮಾನದಲ್ಲಿ ಮೊದಲ ಸಲ ಮಳೆಯಲ್ಲಿ ನೆನೆಯುತ್ತ ಒಂದು ಕಾಲೆತ್ತಿಕೊಂಡು ನಿಂತಿತ್ತು. ಅವರು ಹೋಗಿ ಅದನ್ನು ಎತ್ತಿಕೊಂಡು ಟವೆಲಿನಲ್ಲಿ ಸುತ್ತಿದರು. ನಗು ತಾನಾಗಿ ನಿಂತಿತು. ಗುಂಪಿನಲ್ಲಿದ್ದ ಯಾವನೋ ಬಾಯಿಬಡುಕ, ಇವತ್ತು ಮಳೆಸಾರು ಇಲ್ಲೇ ಏನೋ ಅಂದ. ಅವನ ಹೆಂಡತಿಯೇ ಅವನ ಬಾಯಿ ಮುಚ್ಚಿಸಿದಳು. ಯಜಮಾನರು ಕೆಂಪಾಜಕ್ಕನ ಮುಂದೆ ಬಂದು ನಿಂತರು.

“ತಾಯಿ,” ಅಂದರು. “ಒಂದು ಬುಟ್ಟಿ ಬೂದಿ ಕೊಡು.”

ಅವಳ ಹಳೆಯ ಸಿಟ್ಟು ನನಗೆ ಗೊತ್ತು. ಮದುವೆಯ ವರ್ಷ ಅವಳ ತವರಿನ ಕೋಳಿಯ ತೊಡೆ ಬಿದ್ದದ್ದು ಇದೇ ಯಜಮಾನರ ಎಲೆಗೆ. ಏನೆನ್ನುತ್ತಾಳೋ ಎಂದು ಅವಳ ಮುಖವನ್ನೇ ನೋಡಿದೆ. ಅವಳು ಚುಕ್ಕಿಯನ್ನು ನನ್ನ ಕೈಗಿತ್ತಳು. ಮಳೆಮನೆಯವರು ಕೇಳಿದ್ದನ್ನು ಇಲ್ಲ ಅನ್ನಬಾರದಲ್ಲ ಅಂದಳು. ಮನೆಗೆ ಹೋಗಿ ಕೊಪ್ಪರಿಗೆಯನ್ನು ಒಣಬಟ್ಟೆಯಲ್ಲಿ ಒರೆಸಿ, ಅದರ ತುಂಬ ಬೂದಿ ತುಂಬಿ, ಮೇಲೆ ಗೋಣಿ ಮುಚ್ಚಿ, ನಮ್ಮ ಭಾವನ ಹೆಗಲಿಗೂ ಇನ್ನೊಬ್ಬರ ಹೆಗಲಿಗೂ ಹೊರಿಸಿದಳು. ಮುಂದೆ ತಾನು ಹಾರೆ ಹಿಡಿದು ನಡೆದಳು. ದೊಡ್ಡೀರಪ್ಪನವರು ಹುಂಜವನ್ನು ಎದೆಗವಚಿಕೊಂಡು ನೋಡುತ್ತಿದ್ದಂತೆ ಅವರ ಕೋಳಿಗೂಡಿನ ಮೇಲಿನ ಸಾಲಿಗೆ ಮೊದಲ ಏಟು ಹಾಕಿದಳು.

ಮಾರನೆಯ ಬೆಳಿಗ್ಗೆ ಮಳೆಯೊಳಗಿನಿಂದ ದೊಡ್ಡೀರಪ್ಪನವರ ಹುಂಜ ಕೂಗಿತು. ಬಿಸಿಲಿನಿಂದ ಕೆಂಪಾಜಕ್ಕನ ಹುಂಜ ಅದಕ್ಕೆ ಓಗೊಟ್ಟಿತು.